ಕಲ್ಲಿಗೆ ಬೆಲೆ ಕಟ್ಟಿದ ಮುತ್ತಿಗೆ

ನಮ್ಮ ಮಕ್ಕಳಿಗೆ ಟ್ರೆಬುಶೆ ಗೊತ್ತು, ಡೆಂಕಣಿ ಗೊತ್ತಿಲ್ಲ. ಬೇಕಾದರೆ ಕೇಳಿ ನೋಡಿ. 1999ರಲ್ಲಿ ಬಂದ ಏಜ್ ಆಫ್ ಎಂಪೈರ್ಸ್ ಆಟದ ಎರಡನೇ ಕಂತು ಆಡಿ ಬೆಳೆದ ಹುಡುಗರು, ಕೋಟೆಗೆ ಕಲ್ಲು ಬೀಸುವ ಯಂತ್ರ ಯಾವುದು, ಈಟಿಯಷ್ಟುದ್ದದ ಬಾಣ ಬಿಡುವ ಯಂತ್ರ ಯಾವುದು, ಯಾವುದನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕು ಅಂತ ಪಟಪಟ ಹೇಳುತ್ತಾರೆ. ಅಂಥ ಕಲ್ಲೆಸೆಯುವ ಯಂತ್ರ ನಮ್ಮ ರಾಯಚೂರು ಕೋಟೆಯಲ್ಲಿ ಒಂದಲ್ಲ, 30 ಇದ್ದವು ಅಂದರೆ ಮಾತ್ರ ‘ಹೌದಾ!’ ಅಂತ ಕಣ್ಣರಳಿಸುತ್ತಾರೆ.

ತಪ್ಪು ಅವರದಲ್ಲ ಬಿಡಿ. ಕೋಟೆ ಅಂದ ಕೂಡಲೇ ನಾವೆಲ್ಲ ಹೇಳುವುದು ರಾಜನ ಕಥೆ, ಇಲ್ಲವೇ ಬಾಗಿಲು ತೆರೆದ ದ್ರೋಹಿಯ ಕಥೆ. ಕೋಟೆ ನಿಂತದ್ದು ಹೇಗೆ, ಬಿದ್ದದ್ದು ಹೇಗೆ, ಯಾರ ಬೆವರು ಎಷ್ಟು ಖರ್ಚಾಯಿತು ಅನ್ನುವ ಲೆಕ್ಕ ಯಾರೂ ಹೇಳುವುದಿಲ್ಲ. ಆ ಲೆಕ್ಕ ಹೇಳದೆ ಕೋಟೆಯ ಕಥೆ ಪೂರ್ತಿಯಾಗುವುದಿಲ್ಲ ಅನ್ನುವುದು ನನ್ನ ವಾದ.

ಮೊದಲು ಯಂತ್ರ ಏನು ಅಂತ ನೋಡೋಣ. ಊರ ತೋಟದಲ್ಲಿ ಏತ ನೋಡಿದವರಿಗೆ ಇದು ಅರ್ಥವಾಗಲು ಎರಡು ನಿಮಿಷ ಸಾಕು. ಒಂದು ಗಟ್ಟಿ ಚೌಕಟ್ಟು, ಅದರ ಮೇಲೆ ತಕ್ಕಡಿಯ ದಂಡಿಗೆಯ ಹಾಗೆ ಒಂದು ಮರ. ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ. ಉದ್ದನೆಯ ತುದಿಗೆ ಕವಣೆ ಕಟ್ಟಿ ಅದರಲ್ಲಿ ಕಲ್ಲು ಇಡಬೇಕು. ಗಿಡ್ಡ ತುದಿಗೆ ಕಟ್ಟಿದ ಹಗ್ಗಗಳನ್ನು ಹತ್ತಾರು ಜನ ಒಮ್ಮೆಲೇ ಜಗ್ಗಿದರೆ ಉದ್ದನೆಯ ತುದಿ ರೊಯ್ಯನೆ ಮೇಲೇಳುತ್ತದೆ, ಕಲ್ಲು ಹಾರುತ್ತದೆ. ಹೀಗೆ ಜನ ಜಗ್ಗುವ ಬಗೆ ಹುಟ್ಟಿದ್ದು ಚೀನಾದಲ್ಲಿ. 12ನೇ ಶತಮಾನದ ಹೊತ್ತಿಗೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನವರು ಜನರ ಬದಲು ಕಲ್ಲು ಮಣ್ಣು ತುಂಬಿದ ಪೆಟ್ಟಿಗೆಯನ್ನೇ ಗಿಡ್ಡ ತುದಿಗೆ ನೇತುಹಾಕಿದರು. ಇಲ್ಲಿ ಪೆರುಂಗುಡಿಯಲ್ಲಿ ಹಳೆ ಮಹಾಬಲಿಪುರಂ ರಸ್ತೆಗೆ ಬಂದು, ಕಟ್ಟಡ ಏಳುವ ಕಡೆ ನಿಲ್ಲುವ ಟವರ್ ಕ್ರೇನ್ ನೋಡಿ. ಒಂದು ಕೈ ಉದ್ದ, ಇನ್ನೊಂದು ಗಿಡ್ಡ, ಗಿಡ್ಡ ಕೈಗೆ ಕಾಂಕ್ರೀಟ್ ದಿಮ್ಮಿಗಳ ಭಾರ. ಮೂಲ ಲೆಕ್ಕ ಅದೇ ತಕ್ಕಡಿಯದು.

ಬಾಣ ಬಿಡುವ ಯಂತ್ರದ ಜಾತಿ ಬೇರೆ. ಅದು ಪೀಠದ ಮೇಲೆ ಕೂರಿಸಿದ ಭಾರೀ ಬಿಲ್ಲು. ನಮ್ಮ ತಮಿಳು ನೆರೆಹೊರೆಯವರು ಹೆಮ್ಮೆಯಿಂದ ಹೇಳಿಕೊಳ್ಳುವ ಶಿಲಪ್ಪದಿಕಾರಂನಲ್ಲಿ ಮಧುರೆಯ ಕೋಟೆಯ ವರ್ಣನೆ ಬರುತ್ತದೆ. ತಾನೇ ಬಾಗಿ ಬಾಣ ಬಿಡುವ ಬಿಲ್ಲು, ಕಲ್ಲು ಉಗುಳುವ ಕವಣ್, ಕಾಯಿಸಿದ ಎಣ್ಣೆ ಎಲ್ಲವೂ ಅಲ್ಲಿವೆ. ಅವರ ಕವಣ್, ನಮ್ಮ ಕವಣೆ ಎರಡೂ ಒಂದೇ ಮಾತು! ಕೌಟಿಲ್ಯನ ಅರ್ಥಶಾಸ್ತ್ರದಲ್ಲಂತೂ ಕೂತಲ್ಲೇ ಇರುವ ಯಂತ್ರ, ಓಡಾಡಿಸುವ ಯಂತ್ರ ಅಂತ ಎರಡು ಪಟ್ಟಿಗಳೇ ಇವೆ. ಇನ್ನು ಡೆಂಕಣಿ ಅನ್ನುವ ಮಾತು ನಮ್ಮ ಹಳೆಯ ನಿಘಂಟಿನಲ್ಲಿ ಇವತ್ತಿಗೂ ಇದೆ. ಉತ್ತರದ ಕಡೆ ನೀರೆತ್ತುವ ಏತಕ್ಕೆ ಢೇಂಕ್ಲಿ ಅನ್ನುತ್ತಾರೆ. ಎರಡೂ ಮಾತು ಕಿವಿಗೆ ಎಷ್ಟು ಹತ್ತಿರ ನೋಡಿ.

ಹಾಗಾದರೆ ಇವೆಲ್ಲ ಎಲ್ಲಿ ಹೋದವು? ಉತ್ತರ ಸುಲಭ. ಮರ ಗೆದ್ದಲಿಗೆ ಹೋಯಿತು, ಹಗ್ಗ ಕೊಳೆಯಿತು. ತೋಪು ಲೋಹದ್ದು, ಉಳಿಯಿತು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಇವತ್ತೂ ವಿಜಯಪುರದ ಬುರುಜಿನ ಮೇಲೆ ಕೂತಿದೆ, ಹೋದವರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಉಳಿದದ್ದೇ ಇತಿಹಾಸ ಅಂದುಕೊಂಡರೆ ಬಂದ ತೊಂದರೆ ಇದು. ಮರದ ಯಂತ್ರವೂ ಹೋಯಿತು, ಅದರ ಹಗ್ಗ ಹಿಡಿದ ಕೈಗಳೂ ಹೋದವು.

ಈಗ ರಾಯಚೂರಿಗೆ ಬರೋಣ. 1520ರ ಮುತ್ತಿಗೆ. ಕೃಷ್ಣದೇವರಾಯ ಈ ಕಡೆ, ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಆ ಕಡೆ. ಇದರ ವಿವರ ನಮಗೆ ಸಿಕ್ಕಿರುವುದು ಮುಖ್ಯವಾಗಿ ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯಿಂದ. ಆತ 1535ರ ಸುಮಾರಿಗೆ ವಿಜಯನಗರದಲ್ಲಿದ್ದು ಬರೆದದ್ದನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ನೂನಿಜ್ ಹೇಳುವ ಪ್ರಕಾರ ಜಗಳಕ್ಕೆ ನೆಪವಾದದ್ದೇ ಒಂದು ಮುಂಗಡ ಹಣ! ಗೋವೆಯಲ್ಲಿ ಕುದುರೆ ಕೊಳ್ಳಲು ರಾಯ 40,000 ವರಾಹ ಕೊಟ್ಟು ಸೀದಿ ಮರ್ಕಾರ್ ಎಂಬವನನ್ನು ಕಳಿಸಿದ. ಅವನು ದುಡ್ಡಿನ ಸಮೇತ ಆದಿಲ್ ಶಾಹನ ಕಡೆಗೆ ಪರಾರಿಯಾದ. ಶಾಹ ಅವನನ್ನು ಒಪ್ಪಿಸಲಿಲ್ಲ. ಬ್ಯಾಂಕಿನಲ್ಲಿ ಇಂಥವಕ್ಕೆ ನೋಟಿಸು ಕಳಿಸುತ್ತೇವೆ, ರಾಯ ಸೈನ್ಯ ಕಳಿಸಿದ.

ಕೋಟೆ ಸಾಮಾನ್ಯದ್ದಲ್ಲ. ಒಳಗೆ 8,000 ಸೈನಿಕರು, 400 ಕುದುರೆ, 20 ಆನೆ. ಗೋಡೆಗಳ ಮೇಲೆ 200 ದೊಡ್ಡ ತೋಪು, ಸಣ್ಣವು ಬೇರೆ. ಇವುಗಳ ಜೊತೆಗೆ ಭಾರೀ ಕಲ್ಲು ಬೀಸುವ 30 ಯಂತ್ರಗಳು. ತೋಪು ಬಂದ ಕೂಡಲೇ ಹಳೆಯ ಯಂತ್ರ ಗುಜರಿಗೆ ಹೋಗಲಿಲ್ಲ ಅನ್ನುವುದನ್ನು ಗಮನಿಸಿ. ಕಂಪ್ಯೂಟರ್ ಬಂದ ಮೇಲೂ ಎಷ್ಟೋ ವರ್ಷ ನಾವು ಲೆಡ್ಜರ್ ಬರೆದೆವಲ್ಲ, ಹಾಗೆ.

ಆದರೆ ಎತ್ತರದಲ್ಲಿ ಕೂರಿಸಿದ ತೋಪಿಗೆ ಒಂದು ದೌರ್ಬಲ್ಯವಿದೆ. ದೂರದವರನ್ನು ಹೊಡೆಯುತ್ತದೆ, ಗೋಡೆಯ ಬುಡಕ್ಕೆ ಬಂದು ನಿಂತವನನ್ನು ಅದರಿಂದ ಏನೂ ಮಾಡಲಾಗದು. ಗೋಡೆಗೂ ಒಂದು ದೌರ್ಬಲ್ಯವಿತ್ತು. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ ಒಳಗೆ ಮಣ್ಣು ತುಂಬಿದ್ದರು. ಹಾರೆ ಹಾಕಿ ಮೀಟಿದರೆ ಕಲ್ಲು ಬಂತು. ಮೀಟುವವರು ಬೇಕಲ್ಲ? ಮೇಲಿನಿಂದ ಕಲ್ಲು, ಬಾಣ ಸುರಿಯುತ್ತಿವೆ, ಜನ ಸಾಯುತ್ತಿದ್ದಾರೆ. ಆಗ ರಾಯನ ದಂಡನಾಯಕರು ಮಾಡಿದ ಉಪಾಯ ಕೇಳಿ: ಗೋಡೆಯಿಂದ ಕಿತ್ತು ತಂದ ಕಲ್ಲನ್ನು ದುಡ್ಡು ಕೊಟ್ಟು ಕೊಂಡರು! ಕಲ್ಲಿನ ಗಾತ್ರಕ್ಕೆ ತಕ್ಕ ಹಾಗೆ 10 ವರಾಹದಿಂದ 50 ವರಾಹದವರೆಗೆ. ಹಾಗೆ ಹಲವು ಕಡೆ ಗೋಡೆ ಬಿಚ್ಚಿಕೊಂಡಿತು.

ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ. ಬಿ.ಕಾಂ. ಓದಿದವನಿಗೆ ಇದು ತಕ್ಷಣ ಅರ್ಥವಾಗುತ್ತದೆ. ಇದು ದಿನಗೂಲಿಯಲ್ಲ, ಪೀಸ್ ರೇಟ್. ತಂದಷ್ಟಕ್ಕೆ ದುಡ್ಡು, ದೊಡ್ಡದು ತಂದರೆ ಹೆಚ್ಚು ದುಡ್ಡು. ಕಲ್ಲು ಹಿಡಿದು ತಿರುಗಿ ಬಂದವನಿಗೆ ಮಾತ್ರ ಪಾವತಿ. ಅಪಾಯವೆಲ್ಲ ಕೂಲಿಯವನ ಖಾತೆಗೆ, ಲಾಭ ರಾಜನ ಖಾತೆಗೆ. ಕಲ್ಲಿನ ದರ ದಾಖಲಾಗಿದೆ, ಕಲ್ಲು ತಂದವನ ಹೆಸರು ದಾಖಲಾಗಿಲ್ಲ.

ಆಮೇಲೆ ಏನಾಯಿತು? ಕೋಟೆಯನ್ನು ಬಿಡಿಸಲು ಆದಿಲ್ ಶಾಹನೇ ಬಂದ. 1520ರ ಮೇ 19ರಂದು ಕೃಷ್ಣಾ ನದಿಯ ಹತ್ತಿರ ದೊಡ್ಡ ಯುದ್ಧವಾಗಿ ಸೋತ. ರಾಯ ಮತ್ತೆ ಕೋಟೆಗೆ ತಿರುಗಿದ. ಕ್ರಿಸ್ಟೊವಾವ್ ದೆ ಫಿಗೈರೆದೊ ಎಂಬ ಪೋರ್ಚುಗೀಸ್ 20 ಜನ ಬಂದೂಕುಗಾರರ ಜೊತೆ ಸೇರಿಕೊಂಡ. ಗೋಡೆಯ ಮೇಲೆ ತಲೆ ಹಾಕಿದವರನ್ನು ಅವರು ಕೆಳಗಿನಿಂದ ಹೊಡೆದರು, ಗೋಡೆ ಕೀಳುವವರ ಕೆಲಸ ಸುಲಭವಾಯಿತು. ಬಗ್ಗಿ ನೋಡಿದ ಕೋಟೆಯ ಮುಖ್ಯಸ್ಥನ ಹಣೆಗೇ ಗುಂಡು ಬಿತ್ತು. ಮರುದಿನ ಊರು ಶರಣಾಯಿತು.

ನೂನಿಜ್ ಪೋರ್ಚುಗೀಸ್, ತನ್ನವರ ಬಂದೂಕನ್ನು ಹೊಗಳುತ್ತಾನೆ. ನಾವು ಕನ್ನಡಿಗರು, ರಾಯನನ್ನು ಹೊಗಳುತ್ತೇವೆ. ಎರಡೂ ಸಹಜ. ಆದರೆ ಲೆಕ್ಕ ನೋಡಿ ಸ್ವಾಮಿ. 200 ತೋಪು, 30 ಡೆಂಕಣಿ, 20 ಬಂದೂಕು ಇದ್ದ ಆ ಜಾಗದಲ್ಲಿ ಗೋಡೆಯನ್ನು ಕೆಡವಿದ್ದು ಹಾರೆ. ಹಾರೆ ಹಿಡಿದವರಿಗೆ ನಮ್ಮ ಕಥೆಯಲ್ಲಿ ಒಂದು ಸಾಲೂ ಇಲ್ಲ.

‘ಯೋಜನೆ ಹಾಕಿದವನು ದೊಡ್ಡವನಲ್ಲವೇ, ಕೂಲಿ ಬೇಕೆಂದವರು ತಾವಾಗಿ ಹೋದರು’ ಅಂತ ಯಾರಾದರೂ ಕೇಳಬಹುದು. ಯೋಜನೆಯ ಬುದ್ಧಿವಂತಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಣದ ಮಳೆಯಲ್ಲಿ ಕಲ್ಲು ಕೀಳಲು ಮನುಷ್ಯ ತಾನಾಗಿ ಹೋದ ಅಂದರೆ ಅವನ ಮನೆಯ ಪರಿಸ್ಥಿತಿ ಏನಿದ್ದೀತು ಅಂತಲೂ ಯೋಚಿಸಬೇಕು. ಈ ಪ್ರಶ್ನೆ ಹಳೆಯದಾಗಿಲ್ಲ. ಇಲ್ಲಿಯ ಗಾಜಿನ ಕಟ್ಟಡಗಳ ಮೇಲೆ ಕಂಪನಿಗಳ ಹೆಸರು ರಾತ್ರಿಯೆಲ್ಲ ಹೊಳೆಯುತ್ತದೆ. ಒಡಿಶಾದಿಂದ, ಬಿಹಾರದಿಂದ ಬಂದು ಹದಿನೈದನೇ ಮಹಡಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆ ಗಾಜು ಕೂರಿಸಿದವರ ಹೆಸರು ಎಲ್ಲಿದೆ? ನಾವೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರೇ. ನಮಗಾದರೂ ಇದು ಹೊಳೆಯಬೇಡವೇ?

ನನ್ನ ಬೇಡಿಕೆ ದೊಡ್ಡದೇನಲ್ಲ. ರಾಯಚೂರು ಕೋಟೆಯ ಹತ್ತಿರ ಒಂದು ಡೆಂಕಣಿಯನ್ನು ಮರದಲ್ಲೇ ಮಾಡಿ ನಿಲ್ಲಿಸಲಿ. ಮಕ್ಕಳು ಹಗ್ಗ ಜಗ್ಗಿ ಒಂದು ಚೆಂಡು ಹಾರಿಸಲಿ. ಪಕ್ಕದಲ್ಲಿ ಕನ್ನಡದಲ್ಲಿ ಒಂದು ಫಲಕ: ಯಂತ್ರದ ಹೆಸರು, ಕೆಲಸ, ಕಲ್ಲಿನ ದರ. ರಾಜರ ಹೆಸರೂ ಇರಲಿ, ಬೇಡ ಅನ್ನುವುದಿಲ್ಲ. ಚೆನ್ನೈಯಿಂದ ಮುಂಬೈ ಕಡೆಗೆ ರೈಲು ಹತ್ತಿದರೆ ರಾಯಚೂರು ದಾರಿಯಲ್ಲೇ ಸಿಗುತ್ತದೆ. ಒಂದು ದಿನ ಇಳಿದು ಮಕ್ಕಳಿಗೆ ತೋರಿಸಬಹುದು.

ಇಳಿದವರು ಪಶ್ಚಿಮದ ಗೋಡೆಯಲ್ಲಿರುವ ಉದ್ದನೆಯ ಚಪ್ಪಡಿಯನ್ನು ತಪ್ಪದೆ ನೋಡಿ. 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲು. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕೋಟೆ ಕಟ್ಟಿಸಿದ ವಿಚಾರ ಅದರ ಮೇಲೆ ತೆಲುಗಿನಲ್ಲಿದೆ. ಅದರ ಪಕ್ಕದಲ್ಲಿ ಒಂದು ಚಿತ್ರ ಕೆತ್ತಿದ್ದಾರೆ: ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಉದ್ದನೆಯ ಸಾಲು ಎಳೆಯುತ್ತಿದೆ, ಜನ ಗಾಲಿಗೆ ಸನ್ನೆಗೋಲು ಹಾಕಿ ನೂಕುತ್ತಿದ್ದಾರೆ. ಹೆಸರು ಅವರದೂ ಇಲ್ಲ. ಆದರೆ ಗೋಡೆ ಕಟ್ಟಿದವರು, ಕಲ್ಲು ತಂದವರ ಚಿತ್ರವನ್ನಾದರೂ ಅದೇ ಗೋಡೆಯ ಮೇಲೆ ಬಿಟ್ಟು ಹೋಗಿದ್ದಾರೆ. 700 ವರ್ಷದ ಹಿಂದೆ ಅಷ್ಟು ಮಾಡಿದ್ದಾರೆ, ನಮ್ಮಿಂದ ಒಂದು ಫಲಕ ಆಗದೇ?