ಮೂರು ಗುಂಡಿನ ಸಾಕ್ಷ್ಯ ಸಾಲದು
ಪೀಣ್ಯದ ಪಕ್ಕದ ಲಗ್ಗೆರೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಒಂದು ಪೀಸ್ ಸರಿಯಾಗಿ ಬಂತೆಂದು ಯಾರೂ ಲೇತನ್ನು ಹೊಗಳುವುದಿಲ್ಲ; ನೂರನೆಯ ಪೀಸೂ ಮೈಕ್ರೋಮೀಟರಿನಲ್ಲಿ ಅದೇ ಅಳತೆ ತೋರಿಸಬೇಕು. ಕಾರ್ಖಾನೆಯಿಂದ ಬರುವ ಬೋಲ್ಟ್ ಆಕ್ಷನ್ ರೈಫಲ್ ಆರಿಸುವಾಗಲೂ ಇದೇ ನಿಯಮ ಬೇಕು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ 7.62 ಮಿ.ಮೀ. ವೈಪರ್ ಮತ್ತು .338 ಲಾಪುವಾ ಮ್ಯಾಗ್ನಮ್‌ನ ಸೇಬರ್ ಎಂಬ ಇಂಥ ರೈಫಲ್‌ಗಳನ್ನು ತಯಾರಿಸುತ್ತಿರುವುದರಿಂದ, ಸೇನೆ ಮತ್ತು ಪೊಲೀಸರ ಮುಂದಿರುವ ಈ ಆಯ್ಕೆ ನಮ್ಮೂರಿನ ವಿಷಯವೂ ಹೌದು. ಇಂಥ ರೈಫಲ್‌ಗಳ ನಿಖರತೆಯನ್ನು ಕೋನದ ಲೆಕ್ಕದಲ್ಲಿ ಹೇಳುತ್ತಾರೆ: ಒಂದು ಡಿಗ್ರಿಯ 60ನೇ ಒಂದು ಭಾಗ, ಅಂದರೆ 100 ಮೀಟರಿಗೆ ಸುಮಾರು 29 ಮಿ.ಮೀ., 800 ಮೀಟರಿಗೆ 23 ಸೆಂ.ಮೀ. ಹರವು. ಎಷ್ಟು ಗುಂಡು ಹಾರಿಸಿ ಅಳೆದದ್ದು ಎಂದು ಮಾತ್ರ ಖರೀದಿದಾರರು ಕೇಳಲೇಬೇಕು. ಮೂರು ಗುಂಡು ಒಂದೆಡೆ ಬೀಳುವುದು ಆಕಸ್ಮಿಕವೂ ಇರಬಹುದು. ಹತ್ತು ಹಾರಿಸಿದರೆ, ಅದೂ ನಳಿಗೆ ಕಾದ ಮೇಲೆ, ನಿಜವಾದ ಹರವು ಕಾಣುತ್ತದೆ. ಬೇರೆ ಬೇರೆ ರೈಫಲ್‌ಗಳಲ್ಲಿ ಒಂದೇ ಬ್ಯಾಚಿನ ಮದ್ದುಗುಂಡು ಹಾಕಿ ಹೋಲಿಸಿದರೆ ಇನ್ನೂ ಒಳ್ಳೆಯದು. ಯುದ್ಧಭೂಮಿಯಲ್ಲಿ ಪಳಗಿದ ವಿದೇಶಿ ಹೆಸರೇ ಸಾಕಲ್ಲವೇ ಎನ್ನುವವರಿದ್ದಾರೆ. ಆ ಹೆಸರಿಗೆ ತೂಕವಿದೆ, ನಿಜ. ಆದರೆ ಹೆಸರು ಮಾದರಿಗೆ ಸೇರಿದ್ದು, ಕೈಯಲ್ಲಿರುವ ಬಂದೂಕಿಗಲ್ಲ. ಇಷ್ಟು ಪರೀಕ್ಷೆಗೆ ಮದ್ದುಗುಂಡು ದುಬಾರಿಯೆಂಬ ಆಕ್ಷೇಪಕ್ಕೂ ಉತ್ತರವಿದೆ: ರೈಫಲ್‌ನ ಬೆಲೆಯೆಂದರೆ ಬಿಲ್ಲಿನ ಮೊತ್ತವಷ್ಟೇ ಅಲ್ಲ. ಒಳ್ಳೆಯ ದೂರದರ್ಶಕ, ಸವೆದಾಗ ಬದಲಿಸಬೇಕಾದ ನಳಿಗೆ, ಅದು ಕೈಸೇರಲು ಕಾಯುವ ತಿಂಗಳುಗಳು, ಎಲ್ಲವೂ ಅದರೊಳಗಿವೆ; ಅವುಗಳ ಮುಂದೆ ಪರೀಕ್ಷೆಯ ಖರ್ಚು ಚಿಕ್ಕದು. ಪರೀಕ್ಷೆಯಲ್ಲಿ ವಿದೇಶಿ ಮತ್ತು ಸ್ಥಳೀಯ ತಯಾರಕರಿಬ್ಬರೂ ಸಮನಾಗಿ ನಿಂತರೆ, ಹೊಸ ನಳಿಗೆಯನ್ನು ಬೇಗ ಕೂರಿಸಿಕೊಡಬಲ್ಲ ಹತ್ತಿರದ ಕಾರ್ಖಾನೆಗೇ ನನ್ನ ಮತ.