ಕಳೆದ ಕೀಲಿ, ಬಿಡದ ಗಾಲಿ



ಶಿವರಾತ್ರಿಯ ನಿಮಿತ್ತ ದೇವದುರ್ಗ ತಾಲೂಕಿನ ಮಸರಕಲ್ಲಿಗೆ ಐದು ದಿನಗಳ ಪ್ರವಚನಕ್ಕೆಂದು ಹೋಗಿದ್ದೆನು. ಸದ್ಭಕ್ತರೊಬ್ಬರ ಮನೆಯಲ್ಲಿ ನನ್ನ ಬಿಡಾರ. ಆ ಮನೆಯ ಹಿರಿಯ ತಾಯಿಗೆ ಮೂತ್ರಪಿಂಡದ ವ್ಯಾಧಿ. ವಾರಕ್ಕೆರಡು ದಿನ ನಸುಕಿನಲ್ಲೇ ಎದ್ದು ರಾಯಚೂರಿಗೆ ಹೋಗಿ, ಡಯಾಲಿಸಿಸ್ ಮಾಡಿಸಿಕೊಂಡು, ಸಂಜೆಗೆ ಮರಳಬೇಕು. ಒಂದು ಸರದಿ ತಪ್ಪಿದರೆ ಕಾಲು ಬಾತು ಉಸಿರು ಕಟ್ಟುತ್ತದೆಂದು ಮನೆಯವರೆಲ್ಲ ಬಲ್ಲರು. ಆದುದರಿಂದ ಆ ಎರಡು ದಿನ ಮನೆಯ ಗಡಿಯಾರವೇ ಬೇರೆ.

ಮೂರನೆಯ ದಿನ ಅಂಥದೇ ಒಂದು ಸರದಿಯ ದಿನ. ಪೂಜೆ ಮುಗಿಸಿ ಹೊರಗೆ ಬಂದು ನೋಡುತ್ತೇನೆ, ಕಾರಿನ ಎಡಗಡೆಯ ಹಿಂಗಾಲಿ ನೆಲಕ್ಕೆ ಹತ್ತಿ ಕುಳಿತಿದೆ. ಹಿಂದಿನ ಸಂಜೆ ಹತ್ತಿಕಟ್ಟಿಗೆ ಕೊಯ್ದ ಹೊಲದ ದಾರಿಯಲ್ಲಿ ಹೋಗಿ ಬಂದಿದ್ದರಂತೆ. ಕೊಯ್ದುಳಿದ ಬುಡವೊಂದು ಟೈರಿನ ಪಕ್ಕೆಯನ್ನೇ ಸೀಳಿತ್ತು. ಮಗನು ಡಿಕ್ಕಿಯಿಂದ ಸ್ಟೆಪ್ನಿ ತೆಗೆದನು, ಪಾನಾ ಹಿಡಿದು ನಾಲ್ಕು ನಟ್ಟುಗಳನ್ನು ಬಿಚ್ಚಿದನು. ಐದನೆಯದು ಮಾತ್ರ ಪಾನಾಕ್ಕೆ ಸಿಗಲೊಲ್ಲದು. ಅದಕ್ಕೆ ಆರು ಮೂಲೆಗಳೇ ಇಲ್ಲ; ದುಂಡನೆಯ ತಲೆ, ನಡುವೆ ಹೂವಿನ ಎಸಳಿನಂತೆ ಕೊರೆದ ಗೆರೆ. ಅದಕ್ಕೆ ಬೇರೆಯೇ ಒಂದು ಕೀಲಿಯುಂಟು, ಆ ಕೀಲಿ ಕಾಣೆಯಾಗಿದೆ!

ತಿಂಗಳ ಹಿಂದೆ ಪಟ್ಟಣದ ಅಂಗಡಿಯೊಂದರಲ್ಲಿ ಟೈರು ಬದಲಿಸಿದ್ದರು. "ಅಲ್ಲೇ ಬಿಟ್ಟುಕೊಂಡಾರ" ಎಂದು ಮಗನು ತೀರ್ಮಾನಿಸಿ, ಅಷ್ಟು ಹೊತ್ತಿನಲ್ಲೇ ಅಂಗಡಿಯವನಿಗೆ ಫೋನು ಮಾಡಿ ನಾಲ್ಕು ಬಿರುಸು ಮಾತು ಆಡಿದನು. ನಾನೂ ಪಕ್ಕದಲ್ಲಿ ನಿಂತು "ಈಗಿನ ಕಾಲದ ಕೆಲಸವೇ ಹೀಗೆ" ಎಂದು ದನಿಗೂಡಿಸಿದೆನು. ತಾಯಿಯು ಕಟ್ಟೆಯ ಮೇಲೆ ಆಸ್ಪತ್ರೆಯ ಚೀಲ ಹಿಡಿದು ಕುಳಿತಿದ್ದಳು. "ಕಾರಿಗೂ ಕೀಲಿ, ಗಾಲಿಗೂ ಕೀಲಿ. ನಮ್ಮ ಮನಿ ಬಾಗಿಲಿಗಿ ಮಾತ್ರ ಯಾರೂ ಕೀಲಿ ಹಾಕಂಗಿಲ್ಲ" ಎಂದಳು.

ಆಗ ಮನೆಯ ಯಜಮಾನರು ಮಾಡಿದ ಕೆಲಸವನ್ನು ನಾನು ಮೆಚ್ಚುತ್ತೇನೆ. ನಟ್ಟಿನ ಗೊಡವೆಯನ್ನು ಅಲ್ಲಿಗೇ ಬಿಟ್ಟು, ನೆರೆಮನೆಯ ಜೀಪನ್ನು ಎಬ್ಬಿಸಿ, ತಾಯಿಯನ್ನೂ ಸೊಸೆಯನ್ನೂ ಮೊದಲು ರಾಯಚೂರಿಗೆ ಕಳುಹಿಸಿದರು. ಕೀಲಿಯಿಲ್ಲದ ನಟ್ಟು ಅರ್ಧ ಗಂಟೆಯಲ್ಲಿ ಬಿಟ್ಟೀತು, ಅರ್ಧ ದಿನವೂ ಹಿಡಿದೀತು. ರೋಗಿಯನ್ನು ಅದರ ಮುಂದೆ ಕಾಯಿಸಬಾರದು.

ಈ ನಟ್ಟಿನ ವಿಷಯವನ್ನು ನಮ್ಮ ಓದುಗರಲ್ಲಿ ಅನೇಕರು ತಿಳಿದಿರಲಾರರು. ಅಂದಿನವರೆಗೆ ನಾನೂ ತಿಳಿದಿರಲಿಲ್ಲ. ಕಬ್ಬಿಣದ ಸಾದಾ ಗಾಲಿಯನ್ನು ಕದಿಯುವವರು ಕಡಿಮೆ. ಅಲಾಯ್ ಎಂಬ ಮಿಶ್ರಲೋಹದ ಗಾಲಿ ಬೆಲೆಬಾಳುವಂಥದು, ನೋಟಕ್ಕೂ ಅಂದ. ಅದನ್ನು ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗದಿರಲೆಂದು ಗಾಲಿಗೊಂದರಂತೆ ಇಂಥ ಬೀಗದ ನಟ್ಟನ್ನು ಹಾಕುತ್ತಾರೆ. ಇವನ್ನೇ ಮುಖ್ಯ ಕಾಯಕವಾಗಿಸಿಕೊಂಡ ಮೆಕ್‌ಗಾರ್ಡ್ ಎಂಬ ಸಂಸ್ಥೆ ಅಮೇರಿಕದಲ್ಲಿ 1964ರಲ್ಲಿಯೇ ಆರಂಭವಾಯಿತು. ನಾಲ್ಕೂ ಗಾಲಿಗೆ ಒಂದೇ ಕೀಲಿ. ಬೆರಳುದ್ದದ ಉಕ್ಕಿನ ತುಂಡು. ಒಂದು ತುದಿಯಲ್ಲಿ ನಟ್ಟಿಗೆ ಹೊಂದುವ ಎಸಳು, ಇನ್ನೊಂದು ತುದಿಯಲ್ಲಿ ಸಾದಾ ಪಾನಾ ಹಿಡಿಯುವ ಆರು ಮೂಲೆ. ನೋಡಿದರೆ ಬೀಗದ ಕೈಯೆಂದು ಯಾರೂ ಹೇಳಲಾರರು.

ನಮ್ಮ ಬಂಡಿಗೂ ಗಾಲಿ ಕಳಚದಂತೆ ತಡೆಯುವ ಸಾಧನವಿತ್ತು, ಅದು ಅಚ್ಚಿನ ತುದಿಯ ಕಡೆಗೀಲು. ನಮ್ಮ ಸೀಮೆಯಲ್ಲಿ ಕಡಾಣಿಯೆನ್ನುತ್ತಾರೆ. ಕೃಷ್ಣೆಯ ಆಚೆ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನು ದೇಹವನ್ನು ಬಂಡಿಗೂ ಶರಣರ ನುಡಿಯನ್ನು ಕಡೆಗೀಲಿಗೂ ಹೋಲಿಸಿದ್ದು ನಿಮಗೆ ತಿಳಿದೇ ಇದೆ. ಕಡಾಣಿ ಎಲ್ಲರ ಕೈಗೂ ಬರುವ ವಸ್ತು. ಕಲ್ಲಿನಿಂದ ಒಂದು ಏಟು ಕೊಟ್ಟರೆ ಹೊರಬರುತ್ತದೆ. ಅದು ಗಾಲಿಯನ್ನು ಹಿಡಿಯಲಿಕ್ಕೆ ಇದ್ದದ್ದು, ಕಳ್ಳನನ್ನು ತಡೆಯಲಿಕ್ಕಲ್ಲ. ಕಳ್ಳನಿಗಾಗಿ ಮಾಡಿದ ಈ ಹೊಸ ನಟ್ಟಿಗೆ, ಕೀಲಿ ತಪ್ಪಿದ ಕೂಡಲೇ, ಒಡೆಯನೂ ಕಳ್ಳನೂ ಒಂದೇ.

ಇತ್ತ ಮಗನಿಗೆ ತಡೆಯಲಾಗಲಿಲ್ಲ. ಚಾಣ, ಸುತ್ತಿಗೆ ತಂದು ನಟ್ಟಿನ ಅಂಚಿಗೆ ಓರೆಯಾಗಿ ಹೊಡೆಯತೊಡಗಿದನು. ಹೀಗೆ ಹೊಡೆದು ತಿರುಗಿಸುವುದೂ ಒಂದು ಪದ್ಧತಿಯೇ ಹೌದು. ಆದರೆ ಅಲಾಯ್ ಗಾಲಿಯಲ್ಲಿ ನಟ್ಟು ಆಳವಾದ ಕುಳಿಯೊಳಗೆ ಕುಳಿತಿರುತ್ತದೆ. ನಾಲ್ಕನೆಯ ಏಟಿಗೆ ಚಾಣ ಜಾರಿ ಗಾಲಿಗೆ ಗಾಯವಾಯಿತು, ಅವನ ಬೆರಳಿಗೂ ಆಯಿತು. ಗಟ್ಟಿಗೊಳಿಸಿದ ಉಕ್ಕಿನ ಚೂರು ಸಿಡಿದರೆ ಕಣ್ಣೇ ಹೋದೀತು. ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈಹಚ್ಚಲೇಬಾರದು.

ಬಿಸಿಲೇರುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ದುರಸ್ತಿ ಮಾಡುವ ಮೇಸ್ತ್ರಿಯೊಬ್ಬರನ್ನು ಕರೆತಂದರು. ಮಗನು, "ನಟ್ಟಿನ ಮ್ಯಾಲ ಇನ್ನೊಂದು ನಟ್ಟು ವೆಲ್ಡಿಂಗ್ ಹೊಡದು ತಿರುವಿ ಬಿಡ್ರಿ" ಎಂದನು. ಮೇಸ್ತ್ರಿ ತಲೆಯಾಡಿಸಿದರು. "ಟೈರ್ ಇರೋ ಗಾಲಿಗಿ ಬೆಂಕಿ ತೋರಿಸಬಾರದ್ರಿ ಗೌಡ್ರ. ಒಳಗ ಗಾಳಿ ಉಳದಿದ್ರ ಸಿಡಿತದ. ಬೇರಿಂಗೂ ಕೆಡ್ತದ." ವೆಲ್ಡಿಂಗ್ ಅವರ ದಿನನಿತ್ಯದ ಕಾಯಕ; ಎರಡು ನಿಮಿಷದಲ್ಲಿ ಮುಗಿಸಿ ಹಣ ಪಡೆಯಬಹುದಿತ್ತು. ಬಲ್ಲ ಕೆಲಸವನ್ನೇ ಮಾಡೆನೆಂದವರನ್ನು ಕಂಡು ನನಗೆ ಗೌರವ ಹುಟ್ಟಿತು.

ಅವರು ಮೊದಲು ಮಾಡಿದ್ದನ್ನು ನೋಡಿ ನಮಗೆಲ್ಲ ಸೋಜಿಗ. ಬಿಚ್ಚಿಟ್ಟಿದ್ದ ನಾಲ್ಕು ನಟ್ಟುಗಳನ್ನು ಮತ್ತೆ ಹಾಕಿ ಬಿಗಿದರು! ಆ ನಾಲ್ಕು ಬಿಚ್ಚಿದರೆ ಗಾಲಿಯನ್ನು ಅಮರಿಸಿಕೊಂಡ ಬಿಗಿಯೆಲ್ಲ ಐದನೆಯದರ ಮೇಲೆ ಬೀಳುತ್ತದೆ, ಅದು ಇನ್ನಷ್ಟು ಹಟ ಹಿಡಿಯುತ್ತದೆ. ಬೀಗದ ನಟ್ಟನ್ನು ಬಿಚ್ಚುವುದು ಯಾವಾಗಲೂ ಮೊದಲು, ಕೊನೆಯಲ್ಲಲ್ಲ. ಜ್ಯಾಕನ್ನೂ ಇಳಿಸಿದರು, ಗಾಲಿ ನೆಲದ ಮೇಲೆ ಊರಿದ್ದರೆ ತಿರುಗಲಾರದು, ಬಂಡಿ ಜ್ಯಾಕಿನಿಂದ ಜಾರುವ ಭಯವೂ ಇಲ್ಲ. ಕೈಬ್ರೇಕು ಎಳೆಸಿ, ಉಳಿದ ಗಾಲಿಗಳ ಹಿಂದೆ ಮುಂದೆ ಕಲ್ಲು ಇರಿಸಿದರು. ನಟ್ಟಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಚಹಾ ಕುಡಿಯುತ್ತ ಕುಳಿತರು.

ಅನಂತರ ದಾರದಿಂದ ನಟ್ಟಿನ ತಲೆಯ ಸುತ್ತಳತೆ ತೆಗೆದು, ತಮ್ಮ ಪೆಟ್ಟಿಗೆಯಿಂದ ಹನ್ನೆರಡು ಮೂಲೆಯ ಹಳೆಯ ಸಾಕೆಟ್ ಒಂದನ್ನು ಆರಿಸಿದರು. ಅದು ನಟ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದು. ಸುತ್ತಿಗೆಯಿಂದ ನೇರವಾಗಿ ಹೊಡೆಹೊಡೆದು ಅದನ್ನು ನಟ್ಟಿನ ಮೇಲೆ ಕೂರಿಸಿದರು. ಸಾಕೆಟ್ಟಿನ ಮೂಲೆಗಳು ದುಂಡು ತಲೆಯನ್ನು ಕಚ್ಚಿ ಹಿಡಿದವು. ಪಾನಾದ ಹಿಡಿಕೆಗೆ ಉದ್ದನೆಯ ಕೊಳವೆ ಸೇರಿಸಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಿಧಾನವಾಗಿ ಭಾರ ಹಾಕಿದರು. ಎರಡು ಸಲ ಸಾಕೆಟ್ ಜಾರಿತು, ಮತ್ತೆ ಕೂರಿಸಿದರು. ಮೂರನೆಯ ಸಲ ಕಿರ್ರೆಂದು ನಟ್ಟು ಕದಲಿತು. ಹೊರಬಂದ ನಟ್ಟು ಸಾಕೆಟ್ಟಿನೊಳಗೇ ಸಿಕ್ಕಿಕೊಂಡಿತ್ತು. ಅದನ್ನು ಬಡಿದು ಬಿಡಿಸಲು ಇನ್ನೊಂದು ಗಳಿಗೆ ಹಿಡಿಯಿತು. ಹೆಚ್ಚು ಬಳಸಿದ ಹಳೆಯ ಸಾಕೆಟ್ಟೇ ಈ ಕೆಲಸಕ್ಕೆ ಲೇಸು, ಹೊಸದನ್ನು ಹಾಳುಮಾಡಬಾರದೆಂದು ಮೇಸ್ತ್ರಿ ಹೇಳಿದರು.

ಎಲ್ಲ ನಟ್ಟುಗಳೂ ಇದಕ್ಕೆ ಮಣಿಯುವುದಿಲ್ಲ. ಕೆಲವಕ್ಕೆ ತಲೆಯ ಸುತ್ತ ಸಡಿಲವಾಗಿ ತಿರುಗುವ ಬಳೆಯಿರುತ್ತದೆ. ಸಾಕೆಟ್ ಹೊಡೆದರೆ ಬಳೆ ಮಾತ್ರ ಸುತ್ತುತ್ತದೆ. ಅಂಥವಕ್ಕೆ ಒಳಗೆ ಎಡಸುತ್ತಿನ ಹಲ್ಲುಗಳಿರುವ ವಿಶೇಷ ಸಾಕೆಟ್ಟುಗಳು ದೊರೆಯುತ್ತವೆ, ತಿರುಗಿಸಿದಷ್ಟೂ ಅವು ಕಚ್ಚುತ್ತವೆ. ಕಾರು ತಯಾರಕರ ಅಧಿಕೃತ ಕಾರ್ಯಾಗಾರಗಳಲ್ಲಿ ಅನೇಕ ನಮೂನೆಯ ಕೀಲಿಗಳ ಗೊಂಚಲು ಇರುವುದುಂಟು. ಕೀಲಿಯ ಜೊತೆ ಬರುವ ಚೀಟಿಯ ಮೇಲೆ ಒಂದು ಸಂಕೇತಸಂಖ್ಯೆ ಇರುತ್ತದೆ, ಅದನ್ನು ಹೇಳಿದರೆ ಹೊಸ ಕೀಲಿ ತರಿಸಬಹುದು. ಆ ಸಂಖ್ಯೆಯನ್ನು ಇಂದೇ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಕೊರೆದು ತೆಗೆಯುವುದು ಕಟ್ಟಕಡೆಯ ಮಾರ್ಗ, ಅದು ಬಲ್ಲವರ ಕೈಯಲ್ಲಿಯೇ ಆಗಬೇಕು.

ಟ್ಯೂಬಿಲ್ಲದ ಟೈರಿನಲ್ಲಿ ಮುಳ್ಳು ಚುಚ್ಚಿದ್ದು ನೆಲಕ್ಕೆ ತಾಗುವ ಭಾಗದಲ್ಲಾದರೆ ಗಾಲಿಯನ್ನು ಕಳಚದೆಯೇ ರಬ್ಬರಿನ ಎಳೆ ತುರುಕಿ ಗಾಳಿ ತುಂಬಬಹುದು. ಆಗ ಕೀಲಿಯ ಗೊಡವೆಯೇ ಇಲ್ಲ. ಪಕ್ಕೆ ಸೀಳಿದ್ದರೆ ಆ ಉಪಾಯ ನಡೆಯದು. ಇಂಥ ಟೈರಿನ ಕಾರುಗಳಿಗೆ, ದುರಸ್ತಿಯ ಸಾಮಾನು ಮತ್ತು ಗಾಳಿಯ ಒತ್ತಡ ತೋರಿಸುವ ಸಾಧನವಿದ್ದಲ್ಲಿ, ಸ್ಟೆಪ್ನಿ ಇಲ್ಲದಿದ್ದರೂ ಸರಿಯೆಂದು ಸರಕಾರವು 2020ರಲ್ಲಿ ನಿಯಮ ತಿದ್ದಿದೆ. ಹೊಸ ಕಾರು ಕೊಳ್ಳುವವರು ಡಿಕ್ಕಿ ತೆರೆದು ನೋಡಿಯೇ ಕೊಳ್ಳಲಿ.

ಸ್ಟೆಪ್ನಿ ಹಾಕುವಾಗ ಮೇಸ್ತ್ರಿ ಐದನೆಯದಾಗಿ ಸಾದಾ ನಟ್ಟನ್ನೇ ಹಾಕಿದರು, ಉಳಿದವುಗಳ ಸುತ್ತು ಮತ್ತು ಬುಡದ ಆಕಾರಕ್ಕೆ ಹೊಂದುವಂಥದು. ಒಂದು ಬಿಟ್ಟು ಒಂದರಂತೆ ನಕ್ಷತ್ರದ ಗೆರೆಯಲ್ಲಿ ಬಿಗಿದು, ರಾಯಚೂರಿಗೆ ಹೋಗಿ ಬಂದ ಮೇಲೆ ಇನ್ನೊಮ್ಮೆ ಬಿಗಿ ನೋಡಿರೆಂದರು. ಸಂಜೆ ಮಗನು ಅದೇ ಕಾರಿನಲ್ಲಿ ಹೋಗಿ ತಾಯಿಯನ್ನು ಕರೆತಂದನು. ಉಳಿದ ಮೂರು ಗಾಲಿಗಳ ಬೀಗ ಹಾಗೆಯೇ ಉಳಿಯಿತು.

ಯುಗಾದಿಯ ಮರುವಾರ ಯಜಮಾನರಿಂದ ಫೋನು ಬಂದಿತು. ಹಬ್ಬಕ್ಕೆಂದು ಮನೆ ಸಾರಿಸುವಾಗ ತಾಯಿಯ ಹಳೆಯ ಆಸ್ಪತ್ರೆಯ ಚೀಲದಲ್ಲಿ, ಔಷಧದ ಚೀಟಿಗಳ ನಡುವೆ, ಆ ಉಕ್ಕಿನ ತುಂಡು ಸಿಕ್ಕಿತಂತೆ. ಟೈರು ಬದಲಿಸಿದ ದಿನ ಅಂಗಡಿಯ ಹುಡುಗನು ಕಾರಿನೊಳಗೆ ಕುಳಿತಿದ್ದ ಅವಳ ಕೈಗೇ ಅದನ್ನು ಕೊಟ್ಟಿದ್ದನು. ಅವಳು ಜೋಪಾನವಾಗಿ ಚೀಲದಲ್ಲಿಟ್ಟಿದ್ದಳು. "ಕೊಟ್ಟ, ಖರೆ. ಇದು ಕೀಲಿ ಅಂತ ಹೇಳಲಿಲ್ಲ" ಎನ್ನುತ್ತಾಳಂತೆ. ಮಗನು ಅಂಗಡಿಗೆ ಹೋಗಿ ಕ್ಷಮೆ ಕೇಳಿ ಬಂದಿದ್ದಾನೆ. ಅಂದು ದನಿಗೂಡಿಸಿದ ನಾನು ಆ ಅಂಗಡಿಯ ಮುಂದೆ ಹಾದುಹೋಗುವ ದಿನ ಇನ್ನೂ ಬಂದಿಲ್ಲ. ಕೀಲಿಯಿಂದ ಮೂರು ನಟ್ಟುಗಳನ್ನೂ ಬಿಚ್ಚಿ ಸಾದಾ ನಟ್ಟು ಹಾಕಿಸಿದ್ದಾರೆ. ಬಿಚ್ಚಿದವನ್ನೂ ಕೀಲಿಯನ್ನೂ ತಾಯಿಯು ದೇವರ ಕೋಣೆಯ ಗೂಡಿನಲ್ಲಿ, ವಿಭೂತಿಯ ಗಟ್ಟಿಗಳ ಪಕ್ಕದಲ್ಲಿ, ಇಟ್ಟುಕೊಂಡಿದ್ದಾಳೆ.