ಇರುಳು ತೆರೆಯುವ ಡೇರೆಗಳು



ಮಠದ ಪಾಠಶಾಲೆಯಲ್ಲಿ ಬೆಳೆದ ನನಗೆ ಕಾದಂಬರಿಯೆಂದರೆ ಕಾಲಹರಣದ ಸಾಧನವೆಂಬ ಭಾವನೆ ಬಹುಕಾಲ ಇದ್ದಿತು. ಮಾಯಾಮಂತ್ರಗಳ ಕಥೆಯಾದರಂತೂ ಹೇಳಬೇಕಾದುದೇ ಇಲ್ಲ. ಅಂತಹ ನಾನು ಕಳೆದ ಬೇಸಗೆಯಲ್ಲಿ, ಆವತಿಯ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಮಾಯಾ ಸರ್ಕಸ್ಸೊಂದರ ಕಾದಂಬರಿಯನ್ನು ಆದ್ಯಂತವಾಗಿ ಕೇಳಿ ಸಂತೋಷಪಟ್ಟೆನೆಂದರೆ ವಾಚಕರು ನಗಬಹುದು. ರಜೆಗೆ ಬಂದಿದ್ದ ಮೊಮ್ಮಗಳು ಪ್ರತಿದಿನವೂ ದೀಪ ಹಚ್ಚಿದ ಮೇಲೆ ಕೆಲವು ಪುಟಗಳನ್ನು ಓದಿ, ನನಗೆ ತಿಳಿಯದೆಡೆಯಲ್ಲಿ ಕನ್ನಡದಲ್ಲಿ ವಿವರಿಸುತ್ತಿದ್ದಳು.

ಅದು ಅಮೆರಿಕದ ಲೇಖಕಿ ಎರಿನ್ ಮಾರ್ಗನ್‌ಸ್ಟರ್ನ್ ಅವರ 'ದಿ ನೈಟ್ ಸರ್ಕಸ್', 2011ರಲ್ಲಿ ಪ್ರಕಟವಾದುದು. ಮುನ್ಸೂಚನೆಯಿಲ್ಲದೆ ಬಂದು ನಿಲ್ಲುವ ಕಪ್ಪು ಬಿಳುಪಿನ ಡೇರೆಗಳು ಕತ್ತಲಾದೊಡನೆ ತೆರೆದು, ಬೆಳಗಾಗುವಷ್ಟರಲ್ಲಿ ಮುಚ್ಚುತ್ತವೆ. ಒಂದು ಡೇರೆಯೊಳಗಿನ ತೋಟದಲ್ಲಿ ಮರ, ಹೂವು ಎಲ್ಲವೂ ಮಂಜುಗಡ್ಡೆಯವೇ. ಕೇಳುತ್ತ ಕೇಳುತ್ತ ಅರವತ್ತು ದಾಟಿದ ನಾನು ಹತ್ತು ವರ್ಷದ ಬಾಲಕನಾದೆ. ಮಾಯೆಯ ಕಥೆ ನಮಗೇನೂ ಹೊಸದಲ್ಲವಷ್ಟೆ. ಹದಿನೈದನೆಯ ಶತಮಾನದ ಚಾಮರಸನು 'ಪ್ರಭುಲಿಂಗಲೀಲೆ'ಯಲ್ಲಿ ಮಾಯೆಯನ್ನೇ ಹೆಣ್ಣಾಗಿಸಿ, ಬನವಸೆಯಲ್ಲಿ ಅಲ್ಲಮನ ಮದ್ದಳೆಗೆ ಕುಣಿಸಲಿಲ್ಲವೆ?

ಆದರೆ ಈ ಸೊಗಸಿನ ಅಡಿಯಲ್ಲಿ ಒಂದು ಸಂಕಟವಿದೆ. ಇಬ್ಬರು ಹಿರಿಯ ಮಾಂತ್ರಿಕರು ತಮ್ಮ ಮೇಲ್ಮೆಯನ್ನು ಸಾಧಿಸಲು ಪಣ ಕಟ್ಟುತ್ತಾರೆ. ಒಬ್ಬನು ತನ್ನ ಮಗಳನ್ನೂ, ಇನ್ನೊಬ್ಬನು ಅನಾಥ ಬಾಲಕನೊಬ್ಬನನ್ನೂ ಆ ಪಣಕ್ಕೆ ಒಡ್ಡುತ್ತಾರೆ. ಸರ್ಕಸ್ಸು ಆ ಸ್ಪರ್ಧೆಯ ಕಣ. ಗಾಯವನ್ನು ಮಾಯಿಸುವ ವಿದ್ಯೆ ಕಲಿಯಲೆಂದು ತಂದೆಯೇ ಮಗಳ ಬೆರಳ ತುದಿಗಳನ್ನು ಒಂದೊಂದಾಗಿ ಕೊಯ್ಯುವ ಪ್ರಸಂಗ ಬಂದಾಗ, ಅಂದಿಗೆ ಓದು ಸಾಕೆಂದು ಎದ್ದುಬಿಟ್ಟೆ.

ಎದ್ದುದಕ್ಕೆ ಬೇರೆ ಕಾರಣವಿತ್ತು. ನಾನು ಅಧ್ಯಾಪಕನಾಗಿದ್ದ ದಿನಗಳಲ್ಲಿ ಸಹೋದ್ಯೋಗಿಯೊಬ್ಬರಿಗೂ ನನಗೂ ಒಳಗೊಳಗೇ ಪೈಪೋಟಿ. ಕಂಠಪಾಠ ಸ್ಪರ್ಧೆಗೆ ನನ್ನ ಶಿಷ್ಯನೊಬ್ಬನನ್ನು ಇರುಳೆಲ್ಲ ಎಚ್ಚರವಿರಿಸಿ ಸಿದ್ಧಗೊಳಿಸಿದೆ. ವೇದಿಕೆಯ ಮೇಲೆ ಹುಡುಗನ ಕಂಠ ಕಟ್ಟಿತು. ಕೆಳಗಿಳಿದವನನ್ನು ನಾನು ಊಟವಾಯಿತೇ ಎಂದೂ ಕೇಳಲಿಲ್ಲ. ನನ್ನ ಸೋಲಿನ ಲೆಕ್ಕದಲ್ಲಿ ಮುಳುಗಿದ್ದೆ. ಆ ಬಳಿಕ ಅವನು ಸಭೆಯಲ್ಲಿ ಬಾಯಿ ತೆರೆದುದನ್ನು ನಾನು ಕಾಣಲಿಲ್ಲ.

ಚಾಮರಸನ ಕಾವ್ಯದಲ್ಲಿಯೂ ಒಂದು ಸ್ಪರ್ಧೆಯಿದೆ. ವಜ್ರಕಾಯದ ಗೋರಕ್ಷನಿಗೆ ಹೊಡೆದ ಖಡ್ಗ ಖಣಿಲೆಂದಿತು. ಅಲ್ಲಮನಿಗೆ ಬೀಸಿದ ಖಡ್ಗ ಬಯಲಲ್ಲಿ ಹಾಯ್ದು ಹೋಯಿತು. ಅಲ್ಲಿ ಅಳಿದುದು ಗೋರಕ್ಷನ ಅಹಂಕಾರವೇ ಹೊರತು ಗೋರಕ್ಷನಲ್ಲ. ಈ ಪ್ರಸಂಗವನ್ನು ನಾನು ಎಷ್ಟೋ ಬಾರಿ ಪ್ರವಚನದಲ್ಲಿ ವಿವರಿಸಿದ್ದೇನೆ. ಅದು ನನ್ನನ್ನು ಕುರಿತದ್ದೆಂದು ತಿಳಿಯಲು ದೂರದೇಶದ ಕಥೆಯೊಂದು ಬೇಕಾಯಿತು.

ಮರುದಿನ ಮೊಮ್ಮಗಳು ಪುಸ್ತಕ ತೆರೆಯುವ ಮೊದಲು ಕೇಳಿದಳು: "ತಾತ, ಶಾಲೆ ತೆರೆದ ಮೇಲೆ ವಚನ ಸ್ಪರ್ಧೆಗೆ ನಾನು ಸೇರಲೇಬೇಕಾ? ಅದು ನನಗೋಸ್ಕರವೋ, ನಿಮಗೋಸ್ಕರವೋ?" ನೂರು ವಚನಗಳ ಪಟ್ಟಿಯನ್ನು ನಾನೇ ಬರೆದುಕೊಟ್ಟಿದ್ದೆ. ಉತ್ತರ ಕೂಡಲೇ ಹೊಳೆಯಲಿಲ್ಲ. ಹೊಳೆದದ್ದು ಬಾಲ್ಯದಲ್ಲಿ ಕಂಡ ದೊಂಬರಾಟ. ಹಗ್ಗದ ಮೇಲೆ ಪುಟ್ಟ ಹುಡುಗಿ. ಕೆಳಗೆ ಡೋಲು ಬಾರಿಸುವ ತಂದೆ. ಜನರೆಲ್ಲ ಚಪ್ಪಾಳೆ ತಟ್ಟುತ್ತಿದ್ದರೂ ಆತನ ಕಣ್ಣು ಜನರ ಕಡೆಗಾಗಲಿ, ಬೀಳುವ ಕಾಸಿನ ಕಡೆಗಾಗಲಿ ಹೊರಳಲಿಲ್ಲ. ಮಗುವಿನ ಪಾದಗಳಲ್ಲಿಯೇ ನೆಟ್ಟಿತ್ತು. ಹೊಟ್ಟೆಪಾಡಿಗಾಗಿ ಮಗುವನ್ನು ಹಗ್ಗಕ್ಕೆ ಏರಿಸಿದ ಆ ಬಡವನಿಗೆ ಇದ್ದ ಎಚ್ಚರ ಓದಿದ ನನಗೆ ಇರಲಿಲ್ಲ.

"ನಿನಗೆ ಬೇಕೆನಿಸಿದರೆ ಸೇರು, ಮಗಳೇ; ಬೇಡವಾದರೆ ಬೇಡ," ಎಂದೆ. ಪಟ್ಟಿಯನ್ನು ಹಿಂದಕ್ಕೆ ಪಡೆದೆ. ಅವಳು ಅದರಲ್ಲಿ ಮೂರು ವಚನಗಳನ್ನು ತನಗಾಗಿ ಉಳಿಸಿಕೊಂಡಳು.

ಕಾದಂಬರಿಯ ಕೊನೆಯನ್ನು ಹೇಳಿ ತಮ್ಮ ಓದಿನ ಸುಖವನ್ನು ಕೆಡಿಸಲಾರೆ. ಮನೆಯ ಮಕ್ಕಳು ಇಂತಹ ಪುಸ್ತಕವನ್ನು ಹಿಡಿದು ಕುಳಿತಾಗ ಗದರಿಸದೆ, ಒಂದು ಸಂಜೆ ಪಕ್ಕದಲ್ಲಿ ಕುಳಿತು ಕೇಳಿರೆಂದಷ್ಟೇ ನನ್ನ ಬಿನ್ನಹ.